ಮೂರನೆಯ ಕ್ಲಚ್

ಮಾರ್ಚ್ ೨, ಭಾನುವಾರ

ಇವತ್ತು ಬೆಟ್ಟದ ರಸ್ತೆಯಲ್ಲಿ ಕಾರು ಬಾಯಿಬಡುಕಿಯಾಯಿತು. ನಾಲ್ಕನೆಯ ಗೇರಿನಲ್ಲಿ ಏರು ಹತ್ತುತ್ತಾ ಆಕ್ಸಿಲರೇಟರ್ ಒತ್ತಿದೆ. ಎಂಜಿನ್ ಕೂಗಿಕೊಂಡಿತು, ಎಂಜಿನ್ ಸುತ್ತು ತೋರಿಸುವ ಮುಳ್ಳು ಮೇಲಕ್ಕೆ ಹಾರಿತು, ವೇಗ ಮಾತ್ರ ಇದ್ದಲ್ಲೇ ಇತ್ತು. ಮಾತು ಬೆಟ್ಟದಷ್ಟು, ಕೆಲಸ ಸೊನ್ನೆ. ಹಿಂದೆಯೇ ಸುಟ್ಟ ವಾಸನೆ ಬಂತು.

ಪಕ್ಕದಲ್ಲಿ ಕೂತಿದ್ದ ನಮ್ಮನೆಯವರು ಮೂಗು ಮುಚ್ಚಿಕೊಂಡು, "ಯಾರ ಮನೇಲೋ ಏನೋ ಸೀದಿದೆ" ಎಂದರು. ಸುತ್ತಮುತ್ತ ಒಂದು ಮನೆಯೂ ಇರಲಿಲ್ಲ. ತಿರುವು ಬಂದರೆ ಕಣ್ಣು ಮುಚ್ಚಿಕೊಳ್ಳುವ ಅಭ್ಯಾಸ ಅವರದು, ಹಾಗಾಗಿ ಗೊತ್ತಾಗಿರಲಿಕ್ಕಿಲ್ಲ.

"ನಮ್ಮ ಕ್ಲಚ್ಚೇ ರೀ ಸೀದಿರೋದು" ಎಂದೆ.

"ಮತ್ತೇನಾ? ಹೋದ ವರ್ಷ ತಾನೇ ಹಾಕಿಸಿದ್ದಲ್ವಾ?"

ಅವರಿಗೆ ಹತ್ತನೆಯ ಸಲ ವಿವರಿಸಿದೆ. ಎಂಜಿನ್ನು ಚಕ್ರಗಳ ಕೈಹಿಡಿಯುವ ಜಾಗವೇ ಕ್ಲಚ್. ಪೆಡಲ್ ಒತ್ತಿದರೆ ಕೈ ಬಿಡುತ್ತದೆ, ಕಾಲು ಎತ್ತಿದರೆ ಮತ್ತೆ ಹಿಡಿಯುತ್ತದೆ. ನಡುವೆ ಒಂದು ತಟ್ಟೆ ಇರುತ್ತದೆ. ಅದು ಸವೆದರೆ ಹಿಡಿತ ಜಾರುತ್ತದೆ. ಅವರು ತಲೆಯಾಡಿಸಿದರು. ಗ್ರಂಥಾಲಯದಲ್ಲಿ ಕೆಲಸ ಮಾಡುವವರಿಗೆ ತಲೆಯಾಡಿಸುವುದು ಚೆನ್ನಾಗಿ ಬರುತ್ತದೆ.

ನನಗೆ ಸಿಟ್ಟಿಗಿಂತ ಕುತೂಹಲವೇ ಹೆಚ್ಚು. ಐವತ್ತು ತುಂಬಿದಾಗ ಎಲ್ಲರ ಬಾಯಿಗೂ ಬೀಗ ಹಾಕಿ ಕೊಂಡ ಕಾರು ಇದು: ಕೆಂಪು ಬಣ್ಣ, ಎರಡೇ ಬಾಗಿಲು, ಆರು ಗೇರು, ತುಂಬು ತಾಕತ್ತಿನ ಎಂಜಿನ್. ಹಳೆಯ ಮಾಲೀಕನ ಕಾಲದ ಕ್ಲಚ್ ವರ್ಷಗಟ್ಟಲೆ ಬಂತು. ನಾನು ಹಾಕಿಸಿದ ಎರಡನೆಯದು ವರ್ಷ ತುಂಬುವ ಮೊದಲೇ ಕೈಕೊಟ್ಟಿದೆ. ಯಾಕೆ? ಲ್ಯಾಬಿನಲ್ಲಿ ಕಾಂಕ್ರೀಟ್ ಕ್ಯೂಬುಗಳನ್ನು ಯಂತ್ರದಲ್ಲಿ ಅಮುಕಿ ಒಡೆಯುವುದು, ಕಬ್ಬಿಣದ ಸರಳುಗಳನ್ನು ಎಳೆದು ತುಂಡರಿಸುವುದು, ಯಾಕೆ ಒಡೆಯಿತು ಎಂದು ಬರೆಯುವುದು ನನ್ನ ಹೊಟ್ಟೆಪಾಡು. ಕಾರಣವಿಲ್ಲದೆ ಒಡೆದ ವಸ್ತುವನ್ನು ನಾನಿನ್ನೂ ನೋಡಿಲ್ಲ.

ಮಾರ್ಚ್ ೮, ಶನಿವಾರ

ಇಡೀ ದಿನ ನಟ್ಟುವಿನ ಶೆಡ್ಡಿನಲ್ಲಿ. ನಟ್ಟು ನನ್ನ ಚಿಕ್ಕಮ್ಮನ ಮಗ. ಚಿಕ್ಕವನಿದ್ದಾಗ ಒಂದು ನಟ್ಟು ನುಂಗಿ ಮನೆಯವರನ್ನೆಲ್ಲ ಆಸ್ಪತ್ರೆಗೆ ಓಡಿಸಿದ್ದ. ಅದು ಹೊರಗೆ ಬಂತು, ಹೆಸರು ಮಾತ್ರ ಉಳಿಯಿತು. ಈಗ ಅವನದೇ ಗ್ಯಾರೇಜು, ಅವನದೇ ಹೊಟ್ಟೆ.

ಗೇರ್‌ಬಾಕ್ಸ್ ಇಳಿಸಿ ತಟ್ಟೆಯನ್ನು ಹೊರಗೆ ತೆಗೆದಾಗ ನಾನು ಬಗ್ಗಿ ಮೂಸಿಯೇ ನೋಡಿದೆ. ಅವನು ನಕ್ಕ. "ಅಕ್ಕ, ಅದೇನು ಹೂವಾ?"

ಆದರೆ ಎಷ್ಟು ಚೆನ್ನಾಗಿತ್ತು ನೋಡಲು! ಹಿಡಿತದ ಪದರ ಸವೆದು ರಿವೆಟ್ಟಿನ ತಲೆಗಳು ಮೇಲೆ ಕಾಣುತ್ತಿದ್ದವು. ಮೈಯೆಲ್ಲ ಗಾಜಿನಂತೆ ನುಣುಪು. ಅದು ಉಜ್ಜುವ ಉಕ್ಕಿನ ಚಕ್ರದ ಮೇಲೆ ನೀಲಿ ಕಲೆಗಳು ಬಿದ್ದಿದ್ದವು. ಉಕ್ಕು ನೀಲಿಯಾಗಬೇಕಾದರೆ ಎಷ್ಟು ಬಿಸಿಯಾಗಬೇಕು ಎಂದು ನನಗೆ ಗೊತ್ತು. ಒಂದೆರಡು ಸಲ ಜೋರಾಗಿ ಓಡಿಸಿದ್ದಕ್ಕೆ ಆದ ಕಲೆಯಲ್ಲ ಅದು. ಸ್ವಲ್ಪ ಸ್ವಲ್ಪವೇ, ಬಿಡದೆ, ದಿನಾ ಉಜ್ಜಿ ಉಜ್ಜಿ ಆಗಿದ್ದು.

"ಎಣ್ಣೆ ಸೋರಿರಬಹುದಾ?" ಎಂದೆ.

"ಒಣಗಿದೆ ನೋಡಿ, ಒಂದು ಹನೀನೂ ಇಲ್ಲ."

"ಮಾಲೇ ಕಳಪೆ ಇರಬಹುದಾ?"

"ಇರಬಹುದು. ಈ ಸಲ ಬೇರೆ ಕಂಪನಿದು ಹಾಕೋಣ. ನೀವು ತಲೆ ಕೆಡಿಸ್ಕೋಬೇಡಿ."

ತಲೆ ಕೆಡಿಸಿಕೊಳ್ಳದೆ ಇರುವುದು ನನ್ನಿಂದ ಆಗದ ಕೆಲಸ. ಸವೆದ ತಟ್ಟೆಯನ್ನು ಪೇಪರಿನಲ್ಲಿ ಸುತ್ತಿ ಮನೆಗೆ ತಂದೆ. ನಮ್ಮನೆಯವರು ಅದನ್ನು ಊಟದ ಮೇಜಿನಿಂದ ಎತ್ತಿ ಬಾಲ್ಕನಿಗೆ ಹಾಕಿದರು. ನಾನು ಮತ್ತೆ ಒಳಗೆ ತಂದೆ.

ಮಾರ್ಚ್ ೧೭, ಸೋಮವಾರ

ಮೂರನೆಯ ಕ್ಲಚ್ ಬಂತು. ಪೆಡಲ್ ಗಟ್ಟಿ, ಹಿಡಿತ ಚುರುಕು. ಮನೆಗೆ ಬರುವಾಗ ಹಾಡಿಕೊಂಡು ಬಂದೆ.

ಇವರ ಎದುರಿಗೆ ಶಪಥವನ್ನೂ ಮಾಡಿದೆ. ಇದೂ ಕೈಕೊಟ್ಟರೆ ಕಾರು ಮಾರಿ, ಕ್ಲಚ್ಚೇ ಇಲ್ಲದ, ತಾನೇ ಗೇರು ಹಾಕಿಕೊಳ್ಳುವ ಒಂದು ಸಪ್ಪೆ ಬಿಳಿ ಕಾರು ತರುವುದು. ಬಾಯಲ್ಲಿ ಅಂದೆನೇ ಹೊರತು, ಆ ಬಿಳಿ ಕಾರು ಯಾರಿಗೆ ಬೇಕು. ಈ ಕಾರಿನಲ್ಲಿ ಕೂತಾಗ ಮಾತ್ರ ನಾನು ಯಾರ ಹೆಂಡತಿಯೂ ಅಲ್ಲ, ಯಾರ ಕೈಕೆಳಗಿನವಳೂ ಅಲ್ಲ. ಅದನ್ನು ಕಳೆದುಕೊಳ್ಳಲಾರೆ.

ಬಾಗಿಲ ಬಳಿಯ ಕಾಲೊರೆಸು ಎಡವಿಸಿತು. ಮೂಲೆ ಮೇಲೆದ್ದಿದೆ, ಎಸೆಯಬೇಕು.

ಏಪ್ರಿಲ್ ೧೨, ಶನಿವಾರ

ಕಾರು ಚಿನ್ನ. ವಾರಕ್ಕೊಮ್ಮೆ ಖಾಲಿ ರಸ್ತೆಯಲ್ಲಿ ನನ್ನ ಪರೀಕ್ಷೆ ನಡೆಯುತ್ತದೆ. ಮೇಲಿನ ಗೇರಿನಲ್ಲಿ ನಿಧಾನ ಹೋಗುತ್ತಾ ಒಮ್ಮೆಲೇ ಒತ್ತುವುದು, ಮುಳ್ಳು ಹಾರುತ್ತದೋ ನೋಡುವುದು. ಹಾರಿಲ್ಲ.

ಹೊಸ ಕಾಲೊರೆಸು ತಂದೆ, ಅದೂ ಎಡವಿಸುತ್ತದೆ. ಇವತ್ತಿನ ದಿನ ಒಂದು ಕಾಲೊರೆಸನ್ನೂ ನೆಟ್ಟಗೆ ಮಾಡುವವರಿಲ್ಲ.

ನನ್ನ ಕಂದು ಬೂಟು ಮಾರಿದ ಅಂಗಡಿಯವನೊಡನೆ ಜಗಳವಾಯಿತು. ಎಡಗಾಲಿನ ಬೂಟಿನ ಮುಂದಿನ ತುದಿ ಚರ್ಮ ಹೋಗುವಷ್ಟು ಸವೆದಿದೆ, ಬಲಗಾಲಿನದು ಹೊಸದರಂತಿದೆ. ಒಂದೇ ಜೊತೆ, ಒಂದೇ ರಸ್ತೆ, ಒಂದೇ ಮೈಭಾರ. "ಎಡಗಡೇದಕ್ಕೆ ಕಳಪೆ ಚರ್ಮ ಹಾಕಿದೀರಿ" ಎಂದೆ. "ಒಂದೇ ತುಂಡಲ್ಲಿ ಕತ್ತರಿಸಿದ್ದಮ್ಮ ಎರಡೂ" ಎಂದ. ಇಂಥ ಉತ್ತರ ನಾನು ಸಿಮೆಂಟ್ ಕಂಪನಿಯವರಿಂದಲೂ ಬೇಕಾದಷ್ಟು ಕೇಳಿದ್ದೇನೆ. ಕೊನೆಗೆ ತುದಿಗೆ ತುಂಡು ಹಚ್ಚಿಕೊಟ್ಟ.

ಲ್ಯಾಬಿನಲ್ಲಿ ಈ ವಾರ ಸೇತುವೆಯೊಂದರ ಕ್ಯೂಬುಗಳು ಬಂದಿದ್ದವು. ಎತ್ತರದ ಸ್ಟೂಲಿನ ಮೇಲೆ ಕಾಲ ಮೇಲೆ ಕಾಲು ಹಾಕಿ ಕೂತು, ಬೆಳಗಿನಿಂದ ಸಂಜೆಯವರೆಗೆ ಮೀಟರು ನೋಡಿದ್ದೇ ನೋಡಿದ್ದು. ಏಳುವಾಗ ಕಾಲಿಗೆ ಜೋಮು ಹಿಡಿದಿತ್ತು.

ಮೇ ೧೧, ಭಾನುವಾರ

ಮುಳ್ಳು ಹಾರಿತು.

ಅದೇ ರಸ್ತೆ, ಅದೇ ಗೇರು. ಸ್ವಲ್ಪವೇ ಹಾರಿದ್ದು, ಬೇರೆಯವರಾದರೆ ಗಮನಿಸುತ್ತಲೂ ಇರಲಿಲ್ಲ. ನಾನು ಗಮನಿಸಿದೆ. ಸೀದಾ ನಟ್ಟುವಿನ ಶೆಡ್ಡಿಗೆ ಹೋದೆ. ಭಾನುವಾರ ಅವನು ಸ್ನಾನ ಮಾಡಿ ಶುಭ್ರವಾಗಿ ಕೂತಿದ್ದ, ನಾನು ಹೋಗಿ ಕಾರಿನ ಕೆಳಗೆ ಮಲಗಿಸಿದೆ.

ಹೊರಬಂದು ಹೇಳಿದ: "ಕೆಳಗಡೆ ಎಲ್ಲ ಸರಿ ಇದೆ ಅಕ್ಕ. ಪೆಡಲ್ಲಲ್ಲಿ ಎಷ್ಟು ಸಡಿಲ ಇರಬೇಕೋ ಅಷ್ಟೇ ಇದೆ, ಎಣ್ಣೆ ಇಲ್ಲ."

"ಹಾಗಾದ್ರೆ ಹೊಸ ತಟ್ಟೆ ಎರಡೇ ತಿಂಗಳಲ್ಲಿ ಯಾಕೆ ಜಾರುತ್ತೆ? ಕೂರಿಸೋವಾಗ ನೀನು ಸರಿಯಾಗಿ ಮಧ್ಯಕ್ಕೆ ಕೂರಿಸಿದ್ಯಾ? ಆ ಉಕ್ಕಿನ ಚಕ್ರದ ಮೈ ಸಮ ಮಾಡಿಸಿದ್ಯಾ?"

ಕೇಳಬಾರದಿತ್ತೇನೋ. ಅವನ ಮುಖ ಸಣ್ಣಗಾಯಿತು.

"ಅಕ್ಕ, ನನ್ನ ಕೆಲಸದ ಮೇಲೆ ಅನುಮಾನ ಇದ್ರೆ ಇನ್ನೊಬ್ಬರ ಹತ್ರ ಬಿಚ್ಚಿಸಿ ತೋರ್ಸಿ. ನಾನು ಪಕ್ಕದಲ್ಲೇ ನಿಂತಿರ್ತೀನಿ."

"ಅನುಮಾನ ಅಲ್ಲ ಕಣೋ, ಒಂದೊಂದೇ ಕಾರಣ ಹೊಡೆದುಹಾಕ್ತಾ ಇದೀನಿ."

"ಹೊಡೆದುಹಾಕೋ ಲೆಕ್ಕದಲ್ಲಿ ಮೊದಲು ತಮ್ಮನೇ ಸಿಕ್ಕಿದ್ನಾ?"

ನಾನು ಕಾರು ಹತ್ತಿದೆ. ಹೊರಡುವಾಗ ಅವನೇ ಕಿಟಕಿಗೆ ಬಗ್ಗಿ ಹೇಳಿದ: "ಬೇಜಾರಾಗ್ಬೇಡಿ. ಯಾರೋ ಪೆಡಲ್ ಮೇಲೆ ಕಾಲು ಇಟ್ಕೊಂಡೇ ಓಡಿಸ್ತಿದಾರೆ ಅನ್ಸುತ್ತೆ. ಒತ್ತಬೇಕಾಗಿಲ್ಲ, ಭಾರ ಬಿಟ್ಟಿದ್ರೂ ಸಾಕು. ಇಷ್ಟು ತಾಕತ್ತಿನ ಎಂಜಿನ್ನು, ಹಿಡಿತ ಚೂರು ಸಡಿಲ ಆದ್ರೂ ತಟ್ಟೆ ತಿಂದುಹಾಕುತ್ತೆ."

ಮನೆಗೆ ಬರುವವರೆಗೂ ಅದೇ ಮಾತು ತಲೆಯಲ್ಲಿ ಕೊರೆಯಿತು. ಪೆಡಲ್ಲಿನ ಪಕ್ಕದಲ್ಲಿ ಎಡಗಾಲು ಇಡಲೆಂದೇ ಒಂದು ಪಟ್ಟಿ ಇದೆ. ನನ್ನ ಕಾಲು ಯಾವಾಗಲೂ ಅದರ ಮೇಲೇ ಇರುತ್ತದೆ. ಈ ಕಾರು ಓಡಿಸುವವರು ಇನ್ನೊಬ್ಬರು ಮಾತ್ರ.

ಮೇ ೧೩, ಮಂಗಳವಾರ

ಮಂಗಳವಾರ, ಶುಕ್ರವಾರ ಗ್ರಂಥಾಲಯದ ಬಾಗಿಲು ತೆರೆಯುವ ಸರದಿ ಇವರದು. ಅಷ್ಟು ಬೇಗ ಬಸ್ಸಿಲ್ಲವೆಂದು ಆ ಎರಡು ದಿನ ಕಾರು ಇವರ ಕೈಗೆ. ಬೆಳಿಗ್ಗೆ ಕಿಟಕಿಯಲ್ಲಿ ನಿಂತು ನೋಡಿದೆ. ಹೊರಡುವ ಮೊದಲು ಕನ್ನಡಿಗಳನ್ನು ತಿರುಗಿಸಿ, ಬೆಲ್ಟು ಎಳೆದು, ಮತ್ತೆ ಕನ್ನಡಿ ತಿರುಗಿಸಿ, ಕೊನೆಗೆ ಮೆಲ್ಲಗೆ ಜರುಗಿದರು. ಅಷ್ಟು ಮೆಲ್ಲಗೆ ಹೋಗಬೇಕಾದರೆ ಕ್ಲಚ್ ಅರ್ಧ ಹಿಡಿದೇ ಇರಬೇಕು.

ಗುಮಾನಿ ಬಲವಾಗುತ್ತಿದೆ.

ಮೇ ೨೫, ಭಾನುವಾರ

ಬೆಳಿಗ್ಗೆ ಕಾಫಿ ಕುಡಿಯುವಾಗ ಕೇಳಿಯೇಬಿಟ್ಟೆ.

"ರೀ, ಓಡಿಸೋವಾಗ ನಿಮ್ಮ ಎಡಗಾಲು ಎಲ್ಲಿರುತ್ತೆ?"

ಪದಬಂಧದಿಂದ ತಲೆಯೆತ್ತಿದರು. "ಕಾಲಿನ ಜಾಗದಲ್ಲೇ ಇರುತ್ತಪ್ಪ."

"ತಮಾಷೆ ಬೇಡ. ಪೆಡಲ್ ಮೇಲೆ ಇಟ್ಕೊಂಡಿರ್ತೀರಾ?"

"ಇಲ್ಲ. ಪಕ್ಕದ ಪಟ್ಟಿ ಮೇಲೆ ಇಡು ಅಂತ ನೀನೇ ತಾನೇ ಹೇಳಿಕೊಟ್ಟಿದ್ದು?"

"ಹೇಳಿಕೊಟ್ಟಿದ್ದು ಹೌದು. ಮಾಡ್ತೀರಾ ಅಂತ ಕೇಳ್ತಿರೋದು."

ಪೆನ್ಸಿಲ್ ಕೆಳಗಿಟ್ಟರು. ಇವರು ವಾದ ಮಾಡುವವರಲ್ಲ, ಅದಕ್ಕೇ ಇವರ ಜೊತೆ ಜಗಳ ಆಡುವುದು ಕಷ್ಟ. "ಇಡಲ್ಲ ಅಂತ ನನಗನ್ಸುತ್ತೆ" ಎಂದರು. "ಆದ್ರೆ ಗೊತ್ತಿಲ್ದೆ ಇಟ್ಟಿದ್ರೂ ಇಟ್ಟಿರಬಹುದು. ನನ್ನಿಂದ ನಿನ್ನ ಕಾರು ಹಾಳಾಗೋದು ಬೇಡ ಬಿಡು. ನಾನು ಬಸ್ಸಿಗೆ ಹೋಗ್ತೀನಿ."

"ಅಷ್ಟು ಬೇಗ ಬಸ್ಸೆಲ್ಲಿದೆ?"

"ಮುಖ್ಯರಸ್ತೆವರೆಗೆ ನಡೆದ್ರೆ ಸಿಗುತ್ತೆ."

ಒಪ್ಪಿಕೊಂಡ ಹಾಗೂ ಅಲ್ಲ, ಅಲ್ಲಗಳೆದ ಹಾಗೂ ಅಲ್ಲ. ಇಂಥ ಫಲಿತಾಂಶ ಬಂದರೆ ಲ್ಯಾಬಿನಲ್ಲಿ ಮತ್ತೊಮ್ಮೆ ಪರೀಕ್ಷೆ ಮಾಡು ಎನ್ನುತ್ತೇನೆ. ಏಳುವಾಗ ನನ್ನ ಚಪ್ಪಲಿ ಒಂದು ಮೇಜಿನ ಕೆಳಗೇ ಉಳಿಯಿತು. ಇವರು ಬಗ್ಗಿ ಎತ್ತಿಕೊಟ್ಟು, "ನೀನ್ಯಾಕೆ ಈ ನಡುವೆ ಕಾಲು ಎಳೀತಾ ನಡೀತೀಯ?" ಎಂದರು.

"ಮಾತು ತಿರುಗಿಸಬೇಡಿ" ಎಂದೆ.

ಜೂನ್ ೩, ಮಂಗಳವಾರ

ಇವರು ಛತ್ರಿ ಹಿಡಿದು ಕತ್ತಲಲ್ಲೇ ಹೊರಟರು. ಕಾರಿನ ಕೀಲಿ ಮೊಳೆಯ ಮೇಲೇ ಉಳಿಯಿತು.

ಜೂನ್ ೧೪, ಶನಿವಾರ

ಇವರು ಮುಟ್ಟದೆ ಮೂರು ವಾರವಾಗುತ್ತಾ ಬಂತು. ಆದರೂ ಜಾರುವುದು ನಿಂತಿಲ್ಲ, ಇನ್ನೂ ಹೆಚ್ಚಾಗಿದೆ. ಜೊತೆಗೆ ಒಳಗಿನಿಂದ ಜೀರುಂಡೆ ಕೂಗಿದಂತೆ ಕಿರ್ ಎನ್ನುವ ಸದ್ದು. ಕ್ಲಚ್ ಬಿಡಿಸುವ ಬೇರಿಂಗು ಪುರುಸೊತ್ತಿಲ್ಲದೆ ತಿರುಗಿ ಸವೆದಿದೆ ಎಂದು ನಟ್ಟು ಫೋನಿನಲ್ಲೇ ಹೇಳಿದ. ಮನೆಗೆ ಬಾ ಎಂದೆ. ಕೆಲಸವಿದೆ ಎಂದ.

ಇವರು ಮೊದಲೇ ಮಾಡಿದ ಹಾನಿ ಈಗ ಕಾಣುತ್ತಿದೆ ಎಂದು ನನ್ನ ವಾದ. ಆದರೆ ವಾದಕ್ಕೆ ಸಾಕ್ಷಿ ಬೇಕು. ಸಾಕ್ಷಿಯಿಲ್ಲದೆ ಲ್ಯಾಬಿನಲ್ಲಿ ಒಂದು ಸಾಲನ್ನೂ ಬರೆಯದ ನಾನು ಗಂಡನ ಮೇಲೆ ತೀರ್ಪು ಬರೆದುಬಿಟ್ಟೆ. ಅದೊಂದು ಮನಸ್ಸಿಗೆ ಚುಚ್ಚುತ್ತಿದೆ.

ಉಪಾಯ ಹೊಳೆದಿದೆ. ಹಳೆಯ ಫೋನನ್ನು ಡ್ಯಾಶ್‌ಬೋರ್ಡಿನ ಕೆಳಗೆ ಟೇಪಿನಿಂದ ಅಂಟಿಸಿ, ಪೆಡಲುಗಳ ಕಡೆ ಕ್ಯಾಮೆರಾ ತಿರುಗಿಸಿ ಬಿಡುವುದು. ಇವರಿಗೆ ಹೇಳುವುದಿಲ್ಲ. ಹೇಳಿದರೆ ಕಾಲು ಹುಷಾರಾಗುತ್ತದೆ.

ಸಂಜೆ ಮೃದುವಾಗಿ, "ಬಸ್ಸು ಸಾಕು ರೀ, ಶುಕ್ರವಾರ ಕಾರಲ್ಲೇ ಹೋಗಿ" ಎಂದೆ.

"ನಿಜವಾಗ್ಲೂ?" ಎಂದರು. ಮುಖ ಎಷ್ಟು ಅರಳಿತೆಂದರೆ ನನಗೆ ನೋಡಲಾಗಲಿಲ್ಲ.

ಜೂನ್ ೨೦, ಶುಕ್ರವಾರ

ಕೆಲಸ ಆಯಿತು. ಮಧ್ಯಾಹ್ನ ಇವರು ವಾಪಸ್ಸಾದ ಮೇಲೆ ಫೋನನ್ನು ಅಲ್ಲೇ ಬಿಟ್ಟು ನಾನೂ ಒಂದು ಸುತ್ತು ಬಂದೆ. ಯಾವ ಪರೀಕ್ಷೆಗಾದರೂ ಪಕ್ಕದಲ್ಲಿಟ್ಟು ಹೋಲಿಸಲು ದೋಷವಿಲ್ಲದ ಒಂದು ಮಾದರಿ ಬೇಕು. ಆ ಮಾದರಿ ನಾನು.

ನಾಳೆ ಕೂತು ನೋಡುವುದು.

ಜೂನ್ ೨೧, ಶನಿವಾರ

ಮೊದಲು ಇವರದನ್ನು ನೋಡಿದೆ. ಕಪ್ಪು ಷೂ. ಗೇರು ಬದಲಾಗುತ್ತಲೇ ಕಾಲು ಮೇಲೆದ್ದು ಪಕ್ಕದ ಪಟ್ಟಿಗೆ ಹೋಗಿ, ತರಗತಿಯಲ್ಲಿ ಕೈಕಟ್ಟಿ ಕೂತ ಹುಡುಗನ ಹಾಗೆ ಕೂರುತ್ತದೆ. ಮತ್ತೆ ಬೇಕಾದಾಗ ಎದ್ದು ಬರುತ್ತದೆ. ದಾರಿಯುದ್ದಕ್ಕೂ ಒಂದೇ ಒಂದು ಸಲವೂ ತಪ್ಪಲಿಲ್ಲ. ನಾನು ಹೇಳಿಕೊಟ್ಟದ್ದನ್ನು ಇಷ್ಟು ಶ್ರದ್ಧೆಯಿಂದ ಯಾರೂ ಪಾಲಿಸಿಲ್ಲ. ಧ್ವನಿಯೂ ದಾಖಲಾಗಿದೆ. ಕಾರಿನ ಜೊತೆ ಮಾತಾಡುತ್ತಾರೆ ಇವರು! "ಬಾರಮ್ಮ, ನಿಧಾನಕ್ಕೆ ಬಾ. ನನ್ನಿಂದ ನಿನಗೇನೂ ಆಗಬಾರದು. ಆದ್ರೆ ಅವಳು ಉಳಿಸಲ್ಲ ನನ್ನ."

ಜೋರಾಗಿ ನಕ್ಕೆ. ಆಮೇಲೆ ನಾಚಿಕೆಯಾಯಿತು.

ಎರಡನೆಯದನ್ನು ಹಾಕಿದೆ. ಕಂದು ಬೂಟು. ಪೆಡಲ್ ಒತ್ತುತ್ತದೆ, ಗೇರು ಬೀಳುತ್ತದೆ, ಬಿಡುತ್ತದೆ. ಹಿಮ್ಮಡಿ ಪಟ್ಟಿಯ ಕಡೆಗೆ ಜರುಗುತ್ತದೆ. ಆದರೆ ಕಾಲಿನ ಮುಂಭಾಗ ಮೇಲೇಳುವುದಿಲ್ಲ, ಪೆಡಲ್ಲಿನ ಮೇಲೇ ಜೋತುಬಿದ್ದಿರುತ್ತದೆ. ರಸ್ತೆಯುದ್ದಕ್ಕೂ, ಸಿಗ್ನಲ್ಲಿನಲ್ಲಿ, ಏರಿನಲ್ಲಿ, ಎಲ್ಲ ಕಡೆ. ನೋಡುತ್ತಾ ನೋಡುತ್ತಾ ಬಾಯಿಂದ, "ಎತ್ತು, ಕಾಲೆತ್ತು" ಎಂದು ಬಂದೇಬಿಟ್ಟಿತು. ಯಾರ ಕಾಲು ಇದು, ಫೋನಿನಲ್ಲಿ ಹಳೆಯದೇನಾದರೂ ಉಳಿದಿತ್ತೇ ಎಂದುಕೊಂಡೆ.

ಅಷ್ಟರಲ್ಲಿ ಅದೇ ವಿಡಿಯೊದಲ್ಲಿ ಹಾಡು ಕೇಳಿಸಿತು. ಹಾಡುತ್ತಿರುವವಳು ನಾನು.

ಮತ್ತೆ ಹಾಕಿ ನೋಡಿದೆ. ಮತ್ತೆ. ಆ ಹೊತ್ತಿನಲ್ಲಿ ನನ್ನ ಕಾಲು ಪಟ್ಟಿಯ ಮೇಲಿತ್ತು. ಹಾಗೆಂದು ಆಣೆ ಮಾಡಿ ಹೇಳಬಲ್ಲೆ. ಈಗಲೂ ನೆನಪಿದೆ ಆ ಅನುಭವ. ಆದರೆ ಕಣ್ಣ ಮುಂದೆ ಬೇರೆಯೇ ಇದೆ.

ಎಡ ಬೂಟಿನ ತುದಿ ಸವೆದದ್ದು ಚರ್ಮದ ತಪ್ಪಲ್ಲ. ಕಾಲೊರೆಸುಗಳ ತಪ್ಪೂ ಅಲ್ಲ. ಸವೆತ ನೋಡಿ ಸಂಬಳ ತೆಗೆದುಕೊಳ್ಳುವವಳು ನಾನು.

ಜೂನ್ ೨೨, ಭಾನುವಾರ

ಇವರಿಗೆ ಎಲ್ಲ ಹೇಳಿದೆ. ಫೋನು ಅಂಟಿಸಿದ್ದನ್ನೂ ಹೇಳಿದೆ. "ನೋಡಿದ್ಯಾ, ನಾನು ಹೇಳಲಿಲ್ವಾ" ಎನ್ನುತ್ತಾರೆಂದು ಕಾದಿದ್ದೆ, ಅನ್ನಲಿ ಎಂದೂ ಇತ್ತು. ಅವರು ವಿಡಿಯೊ ನೋಡಿ ಮುಗಿಸಿ, "ನೋಯ್ತಿದ್ಯಾ?" ಎಂದು ಮಾತ್ರ ಕೇಳಿದರು.

"ನೋವಿದ್ರೆ ಗೊತ್ತಾಗ್ತಿರಲಿಲ್ವಾ? ಏನೂ ಇಲ್ಲ."

ಹಾಗಾದರೆ ಪರೀಕ್ಷೆ ಮಾಡೋಣ ಎಂದೆ. ಸೋಫಾದ ಮೇಲೆ ಕಾಲು ಚಾಚಿ ಕೂತೆ. ಇವರು ನೆಲದ ಮೇಲೆ ಕೂತರು. ನಾನು ಕಣ್ಣು ಮುಚ್ಚುವುದು, ಇವರು ಒಂದೊಂದು ಕಡೆ ಮುಟ್ಟುವುದು, ಎಲ್ಲಿ ಎಂದು ನಾನು ಹೇಳುವುದು. ಬಲಗಾಲು ಎಲ್ಲ ಸರಿ ಬಂತು. ಕಚಗುಳಿಯೂ ಆಯಿತು, ನಗು ಬಂತು. ಎಡಗಾಲು. ಹಿಮ್ಮಡಿ ಎಂದೆ, ಸರಿ. ಅಂಗಾಲು ಎಂದೆ, ಸರಿ. ಕಿರುಬೆರಳಿನ ಕೆಳಗೆ ಎಂದೆ, ಸರಿ.

"ಮುಂದಿನದು" ಎಂದೆ.

ಇವರು ಸುಮ್ಮನಿದ್ದರು. ಹೊರಗೆ ಯಾರೋ ಗೇಟು ಹಾಕಿದ ಸದ್ದು. ಪಕ್ಕದ ಮನೆಯ ನೀರಿನ ಪಂಪು ಶುರುವಾಯಿತು. ಇವರಿಗೆ ಎಲ್ಲದರಲ್ಲೂ ನಿಧಾನ.

"ರೀ, ಮುಟ್ಟಿ. ಯಾಕೆ ಸುಮ್ಮನೆ ಕೂತ್ರಿ?"

"ಆಗ್ಲಿಂದ ಹಿಡ್ಕೊಂಡೇ ಇದೀನಲ್ಲೇ."

ಕಣ್ಣು ಬಿಟ್ಟೆ. ಅವರ ಇಡೀ ಅಂಗೈ ನನ್ನ ಪಾದದ ಮೇಲಿತ್ತು. ಬೆರಳುಗಳು ಬಿಳಿಚಿಕೊಳ್ಳುವಷ್ಟು ಗಟ್ಟಿಯಾಗಿ ಒತ್ತಿ ಹಿಡಿದಿದ್ದರು. ಏನೋ ಭಾರ ಇದೆ ಎಂದಷ್ಟೇ ಎಲ್ಲೋ ದೂರದಲ್ಲಿ ಗೊತ್ತಾಗುತ್ತಿತ್ತು. ಅವರ ಕೈ ಬಿಸಿ ಇದೆಯೋ ತಣ್ಣಗಿದೆಯೋ ತಿಳಿಯಲಿಲ್ಲ.

ನನಗೆ ಭಯವಾಯಿತು. ಇನ್ನೇನೂ ಬರೆಯಲು ಆಗುವುದಿಲ್ಲ.

ಜೂನ್ ೨೬, ಗುರುವಾರ

ನರರೋಗದ ಡಾಕ್ಟರು ನನ್ನದೇ ವಯಸ್ಸಿನ ಹೆಂಗಸು, ಮಾತು ಚುಟುಕು. ಹಿಮ್ಮಡಿಯ ಮೇಲೆ ನಿಲ್ಲಿಸಿದರು. ಬಲಗಾಲಿನ ಮುಂಭಾಗ ಎದ್ದಿತು, ಎಡಗಾಲಿನದು ಹಟ ಮಾಡುವ ಮಗುವಿನ ಹಾಗೆ ನೆಲ ಬಿಡಲಿಲ್ಲ. ಎಷ್ಟು ಕೋಪ ಮಾಡಿಕೊಂಡರೂ ಬಿಡಲಿಲ್ಲ. ಆಮೇಲೆ ಸಣ್ಣ ಕರೆಂಟು ಕೊಟ್ಟು ನರದ ಪರೀಕ್ಷೆ ಮಾಡಿದರು. ಯಂತ್ರದ ಗೆರೆಗಳನ್ನು ನಾನು ಬಗ್ಗಿ ಬಗ್ಗಿ ನೋಡುತ್ತಿದ್ದೆ.

"ಮೊಣಕಾಲಿನ ಹೊರಗಡೆ, ಇಲ್ಲಿ, ಈ ನರ ಮೂಳೆ ಮೇಲೇ ಹಾದುಹೋಗುತ್ತೆ. ರಕ್ಷಣೆಗೆ ಅಂತ ಇರೋದು ಒಂದು ಚೂರು ಕೊಬ್ಬು. ಇತ್ತೀಚೆಗೆ ತೂಕ ಇಳೀತಾ?"

"ಹೋದ ವರ್ಷ ದೊಡ್ಡ ಜ್ವರ ಬಂದಿತ್ತು. ತುಂಬ ಇಳಿದೆ. ಎಲ್ಲರೂ ಚೆನ್ನಾಗಿ ಕಾಣ್ತೀಯ ಅಂದ್ರು."

"ಕೆಲಸದಲ್ಲಿ ಹೇಗೆ ಕೂರ್ತೀರಿ?"

"ಹೇಗೆ ಅಂದ್ರೆ? ಕಾಂಕ್ರೀಟ್ ಪರೀಕ್ಷೆ ಮಾಡೋರೆಲ್ಲರ ಹಾಗೆ, ಸ್ಟೂಲಿನ ಮೇಲೆ."

"ಈಗ ಕೂತಿದೀರಲ್ಲ, ಹಾಗೇನಾ?"

ಬಗ್ಗಿ ನೋಡಿಕೊಂಡೆ. ಬಲ ಮೊಣಕಾಲಿನ ಮೇಲೆ ಎಡಗಾಲು ಏರಿ ಕೂತಿತ್ತು. ದಿನಾ, ಸ್ಟೂಲಿನ ಮೇಲೆ, ಮೀಟರು ನೋಡುತ್ತಾ, ಗಂಟೆಗಟ್ಟಲೆ. ಸ್ವಲ್ಪ ಸ್ವಲ್ಪವೇ, ಬಿಡದೆ ಒತ್ತಿ ನರ ಸೋತಿದೆ. ಒಂದು ಕ್ಷಣ, ಒಂದೇ ಕ್ಷಣ, ಎಂಥ ಸೊಗಸಾದ ಕಾರಣ ಎಂದು ಖುಷಿಯಾಯಿತು. ಮರುಕ್ಷಣವೇ ಅದು ನನ್ನ ಕಾಲು ಎಂದು ನೆನಪಾಯಿತು.

"ಮತ್ತೆ ಸರಿ ಹೋಗುತ್ತಾ?"

"ಹೋಗಬಹುದು. ಪೂರ್ತಿ ಹೋಗದೇನೂ ಇರಬಹುದು. ತಿಂಗಳುಗಳು ಬೇಕು. ಅಲ್ಲೀವರೆಗೆ ಗೇರಿನ ಕಾರು ಓಡಿಸಬೇಡಿ."

"ಶೇಕಡಾ ಎಷ್ಟು ಅಂತ ಹೇಳಕ್ಕಾಗಲ್ವಾ?"

"ಅಮ್ಮ, ನಿಮ್ಮ ಕಾಲು ಕಾಂಕ್ರೀಟಲ್ಲ."

ಪಾದ ಜೋತು ಬೀಳದಂತೆ ಒಂದು ಪಟ್ಟಿ ಕೊಟ್ಟಿದ್ದಾರೆ. ಬೂಟಿನೊಳಗೆ ಹಾಕಿಕೊಳ್ಳಬೇಕು. ಹೊರಗೆ ಬಂದು ಕೀಲಿಯನ್ನು ಇವರ ಕೈಗೆ ಕೊಟ್ಟೆ. ತಿರುವುಗಳಲ್ಲಿ ಇವರು ಕಣ್ಣು ಬಿಟ್ಟುಕೊಂಡೇ ಇದ್ದರು.

ಜುಲೈ ೬, ಭಾನುವಾರ

ನಟ್ಟುವಿನ ಶೆಡ್ಡಿಗೆ ಹೋದೆವು. ನಾನೇ ಮೊದಲು ಮಾತಾಡಿದೆ. "ನಿನ್ನ ಕೆಲಸದಲ್ಲಿ ಏನೂ ತಪ್ಪಿರಲಿಲ್ಲ ಕಣೋ. ಕೆಟ್ಟಿದ್ದು ನನ್ನ ಕಾಲು." ಅವನು ಕೈ ಒರೆಸಿಕೊಳ್ಳುತ್ತಾ ನನ್ನ ಕಾಲನ್ನೇ ನೋಡುತ್ತಾ ನಿಂತ. ಆಮೇಲೆ, "ಆ ಪಾರ್ಟು ಮಾತ್ರ ನನ್ನ ಹತ್ರ ಸಿಗಲ್ಲ ಅಕ್ಕ" ಎಂದ. ನಗಿಸಲು ಹೇಳಿದ್ದು, ಅವನ ಕಣ್ಣೇ ತುಂಬಿತು. ಇವರು ಅವನ ಬೆನ್ನು ತಟ್ಟಿದರು.

ತಟ್ಟೆಯಲ್ಲಿ ಇನ್ನು ಸ್ವಲ್ಪವೇ ಉಳಿದಿದೆಯಂತೆ. ಹುಷಾರಾಗಿ ಓಡಿಸಿದರೆ ಕೆಲವು ದಿನ ಬರಬಹುದು.

"ಮಾರಿಬಿಡೋಣ" ಎಂದೆ. "ಶಪಥ ಮಾಡಿದ್ದೆ. ಇದೂ ಹೋಯ್ತು."

"ಶಪಥ ಮಾಡಿದ್ದು ನೀನು" ಎಂದರು ಇವರು. "ನಾನಲ್ಲ."

"ಯಾರು ಓಡಿಸ್ತಾರೆ ರೀ? ನಿಮಗೆ ಇದನ್ನ ಕಂಡ್ರೆ ಹೆದರಿಕೆ."

"ಹೆದರಿಕೆ ಇದೆ. ಇರಲಿ. ಕಾರು ನಿಂದು, ಕಾಲು ನಂದು ತಗೋ. ಮಿಕ್ಕಿದ್ದು ಪಕ್ಕದಲ್ಲಿ ಕೂತು ಬೈ, ನಿನಗೆ ಚೆನ್ನಾಗಿ ಬರುತ್ತೆ."

ನಟ್ಟು ಹೋ ಎಂದು ನಕ್ಕ. ನಾನು ಕಾರಿನ ಎಡಗಡೆಯ ಬಾಗಿಲು ತೆಗೆದು ಕೂತೆ.

ಜುಲೈ ೧೯, ಶನಿವಾರ

ಹೆಬ್ಬೆರಳು ಎತ್ತುವ ವ್ಯಾಯಾಮ. ಎತ್ತು ಎನ್ನುತ್ತೇನೆ, ಅದು ಕೇಳಿಸಿಕೊಳ್ಳುವುದಿಲ್ಲ. ಇವರು ಪಕ್ಕದಲ್ಲಿ ಕೂತು ಪದಬಂಧ ಬಿಡಿಸುವ ಹಾಗೆ ನಟಿಸುತ್ತಾ ಓರೆಗಣ್ಣಿನಿಂದ ಬೆರಳನ್ನೇ ನೋಡುತ್ತಿರುತ್ತಾರೆ. ಅವರು ನೋಡುತ್ತಿದ್ದಾರೆ ಎಂದೇ ನಾನು ಇನ್ನಷ್ಟು ಹೊತ್ತು ಮಾಡುತ್ತೇನೆ.

ಲ್ಯಾಬಿನಲ್ಲಿ ಕಾಲ ಮೇಲೆ ಕಾಲು ಹಾಕಿದರೆ ಎಲ್ಲರೂ ಕೂಗುತ್ತಾರೆ. ಇವರೇ ಹೇಳಿಕೊಟ್ಟು ಬಂದಿದ್ದಾರೆಂದು ನನ್ನ ಗುಮಾನಿ.

ಆಗಸ್ಟ್ ೩, ಭಾನುವಾರ

ಬೆಳಿಗ್ಗೆ ಇವರೇ, "ಬೆಟ್ಟಕ್ಕೆ ಹೋಗೋಣ ನಡಿ" ಎಂದರು. ಬೇಡ ಎಂದೆ. ಕೀಲಿ ತೆಗೆದುಕೊಂಡು ಕೆಳಗಿಳಿದೇಬಿಟ್ಟರು.

ಮೊದಲ ತಿರುವುಗಳು ಚೆನ್ನಾಗಿಯೇ ಆದವು. ಎಡಗಡೆ ಕಣಿವೆಯ ಮೇಲೆ ಬಿಸಿಲು ಬಿದ್ದಿತ್ತು. ಇಷ್ಟು ವರ್ಷ ಈ ರಸ್ತೆಯಲ್ಲಿ ಮುಳ್ಳು, ಗೇರು, ತಿರುವು ಬಿಟ್ಟು ನಾನೇನೂ ನೋಡಿರಲಿಲ್ಲ. ಕೆಳಗೆ ಒಂದು ಕೆರೆ ಇದೆ. ಇವರನ್ನು ಕೇಳಿದರೆ, ಯಾವಾಗಲೂ ಇತ್ತಲ್ಲ ಎಂದರು.

ಎಲ್ಲಕ್ಕಿಂತ ಕಡಿದಾದ ಏರಿನಲ್ಲಿ ಎದುರಿಗೆ ಲಾರಿ ಬಂತು, ನಿಲ್ಲಿಸಬೇಕಾಯಿತು. ಲಾರಿ ದಾಟಿದ ಮೇಲೆ ಇವರು ಕ್ಲಚ್ ಬಿಟ್ಟರು, ಕಾರು ಹಿಂದಕ್ಕೆ ಜಾರಿತು. ಗಾಬರಿಯಾಗಿ ಬ್ರೇಕು ತುಳಿದರು. ಹಿಂದೆ ಇನ್ನೊಂದು ಕಾರು ಹಾರ್ನು ಹೊಡೆಯಿತು. ಮತ್ತೆ ಪ್ರಯತ್ನಿಸಿದರು. ಎಂಜಿನ್ ಕೂಗಿತು, ಕಾರು ಅಲುಗಲಿಲ್ಲ, ಸುಟ್ಟ ವಾಸನೆ ಒಳಗೆಲ್ಲ ತುಂಬಿತು. ಇವರ ಹಣೆಯಲ್ಲಿ ಬೆವರು ಇಳಿಯುತ್ತಿತ್ತು.

"ಸುಡ್ತಾ ಇದೆ ಕಣೇ. ಇರೋ ಚೂರೂ ಹೋಗುತ್ತೆ. ಏನ್ ಮಾಡ್ಲಿ? ಬೈಯಾದ್ರೂ ಬೈಯೇ."

ಬೈಯಲು ಬಾಯಿ ತೆರೆದಿದ್ದೆ. ಇವರ ಮುಖ ನೋಡಿದೆ. ಹೆದರಿಕೆಯಿಂದ ಸತ್ತು ಸುಣ್ಣವಾಗಿದ್ದರೂ ಸ್ಟಿಯರಿಂಗ್ ಬಿಟ್ಟಿರಲಿಲ್ಲ.

"ಸುಡ್ಲಿ ಬಿಡ್ರಿ" ಎಂದೆ. "ಇನ್ನೊಂದು ಹಾಕಿಸಿದ್ರಾಯ್ತು. ಹತ್ಸಿ."

"ಇನ್ನೊಂದಾ?"

"ಹೂಂ, ಇನ್ನೊಂದು. ಅದೂ ಹೋದ್ರೆ ಮತ್ತೊಂದು. ಹತ್ಸಿ ನೀವು."

ಕಾರು ನಡುಗಿತು, ಜಾರಿತು, ಹಿಡಿಯಿತು, ಹತ್ತಿತು. ಮೇಲೆ ಸಮತಟ್ಟಿನಲ್ಲಿ ಎಂಜಿನ್ ನಿಲ್ಲಿಸಿದರು. ಇವರ ಎಡ ಮೊಣಕಾಲು ಗಡಗಡ ನಡುಗುತ್ತಿತ್ತು, ಅವರಿಗದು ಗೊತ್ತೇ ಇರಲಿಲ್ಲ. ಎರಡೂ ಕೈಗಳಿಂದ ಅದನ್ನು ಹಿಡಿದುಕೊಂಡೆ, ನಡುಕ ನಿಲ್ಲುವವರೆಗೆ ಬಿಡಲಿಲ್ಲ.